ಬೀಸುವ ಗಾಳಿ, ಬೀಸುವ ಕಲ್ಲು

ಕನ್ನಡದಲ್ಲಿ ಗಾಳಿಯೂ ಬೀಸುತ್ತದೆ, ಜೋಳವನ್ನೂ ಬೀಸುತ್ತಾರೆ. ಕ್ರಿಯಾಪದ ಒಂದೇ. ಮೂಲದಲ್ಲಿ ಇವೆರಡೂ ಒಂದೇ ಧಾತುವೆ, ಬೇರೆ ಬೇರೆಯೆ ಎಂಬ ವಿಚಾರವನ್ನು ವ್ಯಾಕರಣ ಪಂಡಿತರಿಗೆ ಬಿಡೋಣ. ಗಾಳಿಯ ಬಲದಿಂದ ಕಲ್ಲು ತಿರುಗಿ ಹಿಟ್ಟಾಗುವ ಗಿರಣಿಯೊಂದನ್ನು ನೋಡಿದವನಿಗೆ ಮಾತ್ರ ಕನ್ನಡದ ಈ ಮಾತು ಎಷ್ಟು ಸಾರ್ಥಕವಾದುದೆಂದು ಅನ್ನಿಸದೆ ಇರದು. ನಮ್ಮ ನಾಡಿನಲ್ಲಿ ಗಾಳಿಗಿರಣಿಯ ಪರಂಪರೆ ಬೆಳೆಯಲಿಲ್ಲ. ನಮ್ಮ ಹೆಂಗಸರು ಬೆಳಗಿನ ಜಾವಕ್ಕೆ ಎದ್ದು ತಮ್ಮ ತೋಳಿನ ಬಲದಿಂದಲೇ ಬೀಸಿದರು, ಬೀಸುತ್ತ ಹಾಡಿದರು, ಆ ಹಾಡುಗಳಿಂದ ನಮ್ಮ ಜಾನಪದ ಸಾಹಿತ್ಯ ಶ್ರೀಮಂತವಾಯಿತು. ಗಾಳಿ ತನ್ನ ಪಾಡಿಗೆ ತಾನು ಗುಡ್ಡದ ಮೇಲೆ ಬೀಸುತ್ತಿತ್ತು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಗದಗಿನಿಂದ ಸೊರಟೂರಿಗೆ ಹೊರಟಿದ್ದೆ. ಹೊಯ್ಸಳ ವೀರಬಲ್ಲಾಳನು 1190ರ ಸುಮಾರಿಗೆ ಸೇವುಣರ ಭಿಲ್ಲಮನನ್ನು ಸೋಲಿಸಿದ ಊರು ಅದು. ಹಿಂದಿನ ದಿನ ಗದಗಿನ ತ್ರಿಕೂಟೇಶ್ವರವನ್ನು ನೋಡಿ, ಬಲ್ಲಾಳನ 1192ರ ಶಾಸನದ ವಿಷಯ ಮಾತನಾಡಿದ್ದೆವು. ಬಸ್ಸಿನ ಕಿಟಕಿಯಲ್ಲಿ ಕಪ್ಪತಗುಡ್ಡದ ಸಾಲು ಕಂಡಿತು. ಗುಡ್ಡದ ನೆತ್ತಿಯ ಮೇಲೆ ಬಿಳಿಯ ಗಾಳಿಯಂತ್ರಗಳು. ಹುಡುಗರು ಅವನ್ನು 'ಫ್ಯಾನು' ಎಂದರು. ಅವರಲ್ಲಿ ಒಬ್ಬನು, ಸರ್, ಈ ಗಾಳಿ ಯಾರದು, ಅದರ ದುಡ್ಡು ಯಾರಿಗೆ ಹೋಗುತ್ತದೆ ಎಂದು ಕೇಳಿದ. ಬಲ್ಲಾಳನನ್ನೂ ಭಿಲ್ಲಮನನ್ನೂ ಕುರಿತು ಸಿದ್ಧನಾಗಿ ಬಂದಿದ್ದ ನನಗೆ ಇದು ಪಾಠಕ್ಕೆ ಹೊರಗಿನ ಪ್ರಶ್ನೆ. ಆದರೆ ಬಲ್ಲಾಳನ ಕಾಲದಲ್ಲಿಯೇ ಸಾವಿರಾರು ಮೈಲಿಗಳಾಚೆ ಇದೇ ಪ್ರಶ್ನೆಯ ಮೇಲೆ ನಡೆದ ಒಂದು ಜಗಳ ನೆನಪಿಗೆ ಬಂದಿತು. ಬಸ್ಸಿನಲ್ಲಿ ಹೇಳಿದ ಆ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ಸಫಕ್ ಸೀಮೆಯಲ್ಲಿ ಬೆರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಬೆನೆಡಿಕ್ಟ್ ಪಂಥದ ದೊಡ್ಡ ಮಠವೊಂದಿತ್ತು. ಊರು, ಸಂತೆ, ಸುಂಕ, ಸುತ್ತಣ ಹಳ್ಳಿಗಳ ನ್ಯಾಯಾಡಳಿತ ಎಲ್ಲವೂ ಆ ಮಠಕ್ಕೆ ಸೇರಿದ್ದವು. 1182ರಲ್ಲಿ ಸ್ಯಾಮ್ಸನ್ ಎಂಬುವನು ಅದರ ಅಧಿಪತಿಯಾದ. ಅವನಿಗೆ ಕೆಲವು ಕಾಲ ಆಪ್ತ ಪುರೋಹಿತನಾಗಿದ್ದ ಜಾಸೆಲಿನ್ ಎಂಬ ಸಂನ್ಯಾಸಿ ಮಠದ ವೃತ್ತಾಂತವನ್ನು ಲ್ಯಾಟಿನಿನಲ್ಲಿ ಬರೆದಿಟ್ಟಿದ್ದಾನೆ. ಅರಸರ ಯುದ್ಧಗಳಿಗಿಂತ ಮಠದ ಲೆಕ್ಕಪತ್ರ, ಒಳಜಗಳ, ಊಟದ ಪಂಕ್ತಿಯ ಗುಸುಗುಸು, ಇವೇ ಅದರಲ್ಲಿ ಹೆಚ್ಚು. ಆದುದರಿಂದಲೇ ಅದು ಓದುವುದಕ್ಕೆ ಬಹಳ ಸೊಗಸು. ಕಾರ್ಲೈಲನು 1843ರಲ್ಲಿ ಪ್ರಕಟಿಸಿದ ತನ್ನ ಗ್ರಂಥವೊಂದರಲ್ಲಿ ಈ ವೃತ್ತಾಂತವನ್ನೇ ಆಧರಿಸಿ ಸ್ಯಾಮ್ಸನ್ನನನ್ನು ಆದರ್ಶ ನಾಯಕನೆಂದು ಕೊಂಡಾಡಿದ್ದಾನೆ.

ಕೊಂಡಾಡಲು ಕಾರಣವಿಲ್ಲದಿರಲಿಲ್ಲ. ಸ್ಯಾಮ್ಸನ್ ಪಟ್ಟಕ್ಕೆ ಬಂದಾಗ ಮಠ ಸಾಲದಲ್ಲಿ ಮುಳುಗಿತ್ತು. ಅವನು ಒಂದೊಂದು ಹಳ್ಳಿಯ ಉತ್ಪತ್ತಿಯನ್ನೂ ಬರೆಸಿ, ಸೋರಿಹೋಗುತ್ತಿದ್ದುದನ್ನು ತಡೆದು, ಸಾಲವನ್ನು ತೀರಿಸಿದ. ಶಾಲೆಗೆ, ಆಸ್ಪತ್ರೆಗೆ ನೆರವು ಕೊಟ್ಟ. ಭಾಷೆಯ ಪಾಠ ಹೇಳುವ ನನಗೆ ಅವನಲ್ಲಿ ಇನ್ನೊಂದು ಕಾರಣಕ್ಕೆ ಪ್ರೀತಿ: ಅಂಥ ವಿದ್ವಾಂಸನು ಜನರಿಗೆ ಉಪದೇಶ ಮಾಡುವಾಗ ತಾನು ಹುಟ್ಟಿ ಬೆಳೆದ ನಾರ್ಫಕ್ ಸೀಮೆಯ ಆಡುಮಾತಿನಲ್ಲಿ ಮಾಡುತ್ತಿದ್ದನಂತೆ. ಇಂಥವನೊಬ್ಬ 1191ರಲ್ಲಿ ಒಂದು ಗಾಳಿಗಿರಣಿಯ ನಿಮಿತ್ತ ಅನ್ನ ಬಿಡುವಷ್ಟು ಕೋಪಗೊಂಡ.

ಆ ಸೀಮೆಯ ಚರ್ಚಿನ ಡೀನ್ ಆಗಿದ್ದ ಹರ್ಬರ್ಟ್ ಎಂಬ ವೃದ್ಧನು ಊರ ಹೊರಗಿನ ಹಾಬರ್ಡನ್ ಎಂಬ ದಿಬ್ಬದ ಮೇಲೆ ಗಾಳಿಗಿರಣಿಯೊಂದನ್ನು ಕಟ್ಟಿಸಿದ. ಆಗ ಗಾಳಿಗಿರಣಿಯೆಂಬುದು ಇಂಗ್ಲೆಂಡಿಗೆ ತೀರ ಹೊಸದು. ಯಾರ್ಕ್‌ಶೈರಿನ ವೀಡ್ಲಿ ಎಂಬ ಊರಿನಲ್ಲಿ ವರ್ಷಕ್ಕೆ ಎಂಟು ಷಿಲಿಂಗ್ ಗೇಣಿ ತರುತ್ತಿದ್ದ ಗಾಳಿಗಿರಣಿಯೊಂದು 1185ರ ದಾಖಲೆಯಲ್ಲಿ ಕಾಣುತ್ತದೆ. ಅದಕ್ಕಿಂತ ಹಿಂದಿನ ಖಚಿತವಾದ ದಾಖಲೆ ಅಪರೂಪ. ಪರ್ಷಿಯದ ಸಿಸ್ತಾನಿನಲ್ಲಿ ಶತಮಾನಗಳ ಮೊದಲೇ ಗಾಳಿಗಿರಣಿಗಳಿದ್ದುವು. ಆದರೆ ಅವುಗಳ ರಚನೆ ಬೇರೆ. ಅವುಗಳ ರೆಕ್ಕೆಗಳು ಬುಗುರಿಯಂತೆ ನೆಟ್ಟನೆಯ ಕಂಬದ ಸುತ್ತ ತಿರುಗುತ್ತಿದ್ದುವು. ಇಂಗ್ಲೆಂಡಿನ ಮೊದಲ ಗಿರಣಿಗಳು ದಪ್ಪನೆಯ ಒಂದೇ ಕಂಬದ ಮೇಲೆ ಕೂರಿಸಿದ ಮರದ ಮನೆಗಳು. ಗಾಳಿ ಯಾವ ದಿಕ್ಕಿನಿಂದ ಬಂದರೆ ಆ ದಿಕ್ಕಿಗೆ ಇಡೀ ಮನೆಯನ್ನೇ ತಿರುಗಿಸಿ ನಿಲ್ಲಿಸುತ್ತಿದ್ದರು. ಮರಗೆಲಸದವರು ಕಟ್ಟಬಹುದಾದ ವಸ್ತು. ಆದುದರಿಂದ ಮರಗೆಲಸದವರೇ ಬೇಗ ಬಿಚ್ಚಬಹುದಾದ ವಸ್ತುವೂ ಹೌದು. ಮುಂದಿನ ಕಥೆಗೆ ಈ ವಿವರ ಬೇಕು.

ಸುದ್ದಿ ಕೇಳಿದ ದಿನ ಸ್ಯಾಮ್ಸನ್ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ಮರುದಿನ ಪೂಜೆ ಮುಗಿಸಿಕೊಂಡು ಮಠದ ಪಾರುಪತ್ಯಗಾರನನ್ನು ಕರೆದು, ಬಡಗಿಗಳನ್ನು ಕಳುಹಿಸಿ ಗಿರಣಿಯನ್ನು ಕೆಡವಿಸಿ ಮರವನ್ನು ಭದ್ರವಾಗಿ ಇಡಿಸಬೇಕೆಂದು ಆಜ್ಞೆ ಮಾಡಿದ. ಹರ್ಬರ್ಟ್ ಓಡಿಬಂದ. ಅವನ ವಾದ ಹೀಗಿತ್ತು: ದಿಬ್ಬ ತನ್ನ ಸ್ವತಂತ್ರ ಹಿಡುವಳಿ, ಗಾಳಿಯ ಪ್ರಯೋಜನವನ್ನು ಯಾವ ಮನುಷ್ಯನಿಗೂ ಇಲ್ಲವೆನ್ನಲಾಗದು, ಅಲ್ಲದೆ ಅಲ್ಲಿ ತನ್ನ ಮನೆಯ ಕಾಳನ್ನಷ್ಟೇ ಬೀಸಿಸುವುದು, ಪರರದನ್ನಲ್ಲ, ಆದುದರಿಂದ ಮಠದ ಗಿರಣಿಗಳಿಗೆ ನಷ್ಟವಿಲ್ಲ.

ಈ ಎರಡನೆಯ ಮಾತನ್ನು ಕೇಳಿದಾಗ ನನಗೆ ನಮ್ಮ ಜೇಡರ ದಾಸಿಮಯ್ಯ ನೆನಪಾಗುತ್ತಾನೆ. ಬಸವಣ್ಣನವರಿಗಿಂತ ಹಿಂದಿನವನೆಂದು ಹೇಳಲಾಗುವ ಆ ನೇಕಾರನು ತನ್ನ ವಚನವೊಂದರಲ್ಲಿ ನೆಲ, ಬೆಳೆಗಳ ಜೊತೆಗೆ ಸುಳಿಯುವ ಗಾಳಿಯನ್ನೂ ದೇವರ ಕೊಡುಗೆಗಳಲ್ಲಿ ಎಣಿಸಿದ್ದಾನೆ. ಒಬ್ಬರನ್ನೊಬ್ಬರು ಅರಿಯದ ಇಬ್ಬರು ಭಕ್ತರು ಹೀಗೆ ಒಂದೇ ಮಾತಿಗೆ ಬಂದುದು ಸೋಜಿಗವೇನಲ್ಲ. ಗಾಳಿಯ ವಿಷಯದಲ್ಲಿ ಯಾರಿಗಾದರೂ ಮೊದಲು ತೋಚುವುದು ಇದೇ.

ಸ್ಯಾಮ್ಸನ್ ಗಾಳಿ ಯಾರದೆಂಬ ಚರ್ಚೆಗೆ ಹೋಗಲೇ ಇಲ್ಲ. ಈ ಊರ ಮೇರೆಯೊಳಗೆ ಮಠದ ಒಪ್ಪಿಗೆಯಿಲ್ಲದೆ ದೊರೆಯೂ ಏನನ್ನೂ ಕಟ್ಟುವಂತಿಲ್ಲ, ಮುದುಕನಾದ ನಿನಗೆ ಇಷ್ಟೂ ತಿಳಿಯದೆ ಎಂದು ಗದರಿದ. ನಷ್ಟವಿಲ್ಲವೆಂಬ ಮಾತನ್ನು ಅವನು ನಂಬಲಿಲ್ಲ. ಊರವರೆಲ್ಲ ನಿನ್ನ ಗಿರಣಿಗೆ ನುಗ್ಗುತ್ತಾರೆ. ಅವರು ಸ್ವತಂತ್ರ ಪ್ರಜೆಗಳು, ಅವರನ್ನು ದಂಡಿಸಲು ನನಗೆ ಕಾನೂನಿನಲ್ಲಿ ದಾರಿಯಿಲ್ಲ ಎಂದ. ಉಗ್ರಾಣದ ಅಧಿಕಾರಿ ಕಟ್ಟಿಸಿದ ಗಿರಣಿಯೊಂದು ಇದೆ, ಅದು ನನಗಿಂತ ಹಿಂದಿನದೆಂದು ಸುಮ್ಮನಿದ್ದೇನೆ, ಇಲ್ಲವಾದರೆ ಅದನ್ನೂ ಇಡುತ್ತಿರಲಿಲ್ಲ ಎಂದ. ಆ ಕಟ್ಟಡ ಬೀಳುವ ತನಕ ರೊಟ್ಟಿ ಮುಟ್ಟುವುದಿಲ್ಲವೆಂದು ಆಣೆಯಿಟ್ಟು, ನೀನು ಮನೆ ಸೇರುವುದರೊಳಗಾಗಿ ಗಿರಣಿಯ ಗತಿ ಏನಾಯಿತೆಂದು ಕೇಳುವೆ, ಹೋಗು ಎಂದು ಅಟ್ಟಿದ. ಹರ್ಬರ್ಟ್ ನಡುಗಿಹೋದ. ಅವನಿಗೆ ಸ್ಟೀಫನ್ ಎಂಬ ಓದಿದ ಮಗನಿದ್ದ. ಮಗನ ಸಲಹೆಯಂತೆ, ಮಠದ ಆಳುಗಳು ಬರುವ ಮೊದಲೇ ತನ್ನ ಆಳುಗಳಿಂದಲೇ ಗಿರಣಿಯನ್ನು ಬಿಚ್ಚಿಸಿಬಿಟ್ಟ. ಪಾರುಪತ್ಯಗಾರನ ಬಡಗಿಗಳು ಬಂದು ನೋಡಿದಾಗ ಕೆಡವಲು ಏನೂ ಉಳಿದಿರಲಿಲ್ಲ.

ಸ್ಯಾಮ್ಸನ್ನನ ಮಾತಿನಲ್ಲಿ ಒಂದು ಪ್ರಾಮಾಣಿಕತೆಯಿದೆ. ಅವನು ಹೆದರಿದುದು ಗಾಳಿಗೂ ಅಲ್ಲ, ಹರ್ಬರ್ಟನಿಗೂ ಅಲ್ಲ. ಜನರಿಗೆ ಎರಡನೆಯದೊಂದು ದಾರಿ ದೊರಕೀತೆಂದು. ಹೊಳೆಯ ನೀರಿನಿಂದ ತಿರುಗುವ ಗಿರಣಿಯನ್ನು ಹಿಡಿತದಲ್ಲಿಡುವುದು ಸುಲಭ. ಹೊಳೆಗೆ ದಂಡೆಯುಂಟು, ದಂಡೆಗೆ ಒಡೆಯನುಂಟು. ಆ ಒಡೆಯನು ತನ್ನ ಒಕ್ಕಲುಗಳೆಲ್ಲ ತನ್ನ ಗಿರಣಿಯಲ್ಲಿಯೇ ಬೀಸಿಸಬೇಕೆಂದು ಕಟ್ಟುಮಾಡಿ, ಬೀಸಿದ ಕಾಳಿನಲ್ಲಿ ಒಂದು ಪಾಲು ಹಿಡಿದುಕೊಳ್ಳುತ್ತಿದ್ದ. ಗಾಳಿಗಾದರೆ ದಂಡೆಯಿಲ್ಲ. ದಿಬ್ಬವೊಂದಿದ್ದ ಯಾವನಾದರೂ ನಾಳೆ ಗಿರಣಿ ನಿಲ್ಲಿಸಬಹುದು. ಗಾಳಿಯನ್ನು ಕಟ್ಟಲಾರದವರು ದಿಬ್ಬವನ್ನು ಕಟ್ಟಬೇಕಾಯಿತು.

ಊರ ಬಡವರಿಗೂ ಮಠಕ್ಕೂ ಇದ್ದ ಸಂಬಂಧ ಎಂಥದೆಂಬುದಕ್ಕೆ ಜಾಸೆಲಿನ್ನನೇ ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಸುಗ್ಗಿಯ ಬಿಟ್ಟಿಕೆಲಸಕ್ಕೆ ಬದಲಾಗಿ ಮನೆಗೊಂದು ಪೆನ್ನಿ ಕೊಡಬೇಕೆಂಬ ಪದ್ಧತಿಯಿತ್ತು. ಉಳ್ಳವರು ಕ್ರಮೇಣ ತಪ್ಪಿಸಿಕೊಂಡರು, ಬಡವರ ಮೇಲೆ ಉಳಿಯಿತು. ಕೊಡಲಾರದವರ ಮನೆಯ ಮುಕ್ಕಾಲುಮಣೆ, ಕದ, ಪಾತ್ರೆಗಳನ್ನು ಮಠದ ಆಳುಗಳು ಹೊತ್ತೊಯ್ಯುತ್ತಿದ್ದರು. ಆಗ ಮುದುಕಿಯರು ನೂಲುವ ಕದಿರುಕೋಲನ್ನೇ ಹಿಡಿದು ಬೀದಿಗೆ ಬಂದು ಬೈಯುತ್ತಿದ್ದರಂತೆ. ಕಡೆಗೆ ಊರೆಲ್ಲ ಸೇರಿ ವರ್ಷಕ್ಕೆ ಇಪ್ಪತ್ತು ಷಿಲಿಂಗ್ ಕೊಡುವುದೆಂದು ತೀರ್ಮಾನವಾಯಿತು.

ಇದನ್ನೆಲ್ಲ ಬಸ್ಸಿನಲ್ಲಿ ಹೇಳಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು, ಹಾಗಾದರೆ ಗಿರಣಿ ಕೆಡವಿದ ಮೇಲೆ ಊರವರು ಏನು ಮಾಡಿದರು ಎಂದು ಕೇಳಿದಳು. ನಾನು ನಿರುತ್ತರನಾದೆ. ಜಾಸೆಲಿನ್ ಅದನ್ನು ಬರೆದಿಲ್ಲ. ಗಾಳಿಯ ಹಕ್ಕನ್ನು ಕುರಿತ ಆ ದೊಡ್ಡ ವಾದ ಇಬ್ಬರು ಧರ್ಮಾಧಿಕಾರಿಗಳ ನಡುವೆ ನಡೆದು ಮುಗಿಯಿತು. ಕಾಳಿನ ಚೀಲ ಹೊತ್ತು ದಿಬ್ಬ ಹತ್ತಬೇಕಾಗಿದ್ದವರು ಒಬ್ಬರೂ ಅಲ್ಲಿರಲಿಲ್ಲ. ಅವರು ಸ್ಯಾಮ್ಸನ್ನನ ಭಯದಲ್ಲಿ ಮಾತ್ರ ಕಾಣಿಸಿಕೊಂಡು ಮರೆಯಾಗುತ್ತಾರೆ.

ಬೆರಿಯಲ್ಲಿ ದೊರೆಯದ ಉತ್ತರ ಬೇರೊಂದು ಊರಿನಲ್ಲಿ ಸ್ವಲ್ಪಮಟ್ಟಿಗೆ ದೊರೆಯುತ್ತದೆ. ಸೇಂಟ್ ಆಲ್ಬನ್ಸ್ ಎಂಬಲ್ಲಿಯೂ ಇಂಥದೇ ಮಠ, ಇಂಥದೇ ಗಿರಣಿಯ ಕಟ್ಟು. ಅಲ್ಲಿಯ ಜನ ಮನೆಯಲ್ಲಿ ಬೀಸುಕಲ್ಲಿಟ್ಟುಕೊಂಡು ಬೀಸಿಕೊಳ್ಳತೊಡಗಿದರು. ಹದಿನಾಲ್ಕನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಮಠಾಧಿಪತಿಯಾಗಿದ್ದ ವಾಲಿಂಗ್‌ಫರ್ಡಿನ ರಿಚರ್ಡ್ ದೊಡ್ಡ ಗಣಿತಜ್ಞ. ಗ್ರಹಗತಿಯನ್ನು ತೋರಿಸುವ ಗಡಿಯಾರವನ್ನು ರಚಿಸಿದವನು. ಅವನು ಆ ಬೀಸುಕಲ್ಲುಗಳನ್ನೆಲ್ಲ ಕಿತ್ತು ತರಿಸಿ ಮಠದ ಕೋಣೆಯೊಂದರ ನೆಲಕ್ಕೆ ಹಾಸಿಸಿದ. ಜನ ಅದನ್ನು ಮರೆಯಲಿಲ್ಲ. ಅರ್ಧ ಶತಮಾನ ಕಳೆದು, 1381ರ ರೈತರ ದಂಗೆಯಲ್ಲಿ ಮಠಕ್ಕೆ ನುಗ್ಗಿದಾಗ ಆ ನೆಲವನ್ನು ಅಗೆದು ಕಲ್ಲುಗಳನ್ನು ಎತ್ತಿ, ಚೂರು ಮಾಡಿ, ದೇವರ ಪ್ರಸಾದದ ರೊಟ್ಟಿಯನ್ನು ಹಂಚಿಕೊಳ್ಳುವಂತೆ ಹಂಚಿಕೊಂಡರು. ಅಜ್ಜಿ ಬೀಸುತ್ತಿದ್ದ ಕಲ್ಲಿನ ಮೇಲೆ ಬೇರೆಯವರು ಕಾಲಿಟ್ಟು ನಡೆಯುವುದೆಂದರೆ ಏನೆಂಬುದನ್ನು ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ.

ಗಾಳಿಗೆ ತೆರಿಗೆಯೂ ಬಂದಿತು. ಗಾಳಿಗಿರಣಿಯ ಉತ್ಪತ್ತಿಯಲ್ಲಿಯೂ ಚರ್ಚಿಗೆ ಹತ್ತನೆಯ ಒಂದು ಪಾಲು ಸಲ್ಲತಕ್ಕದ್ದೆಂದು ಪೋಪ್ ಮೂರನೆಯ ಸೆಲೆಸ್ಟಿನ್ ವಿಧಿಸಿದ. ಅವನು ಪೀಠವೇರಿದುದು 1191ರಲ್ಲಿಯೇ. ನಮ್ಮ ಶಾಸನಗಳಲ್ಲಿ ಗಾಣದೆರೆಯನ್ನೂ, ದೇವರ ದೀಪಕ್ಕೆ ಗಾಣ ಒಂದಕ್ಕೆ ಇಷ್ಟು ಎಣ್ಣೆಯೆಂದು ಬಿಟ್ಟುದನ್ನೂ ಓದಿದವರಿಗೆ ಇದರಲ್ಲಿ ಆಶ್ಚರ್ಯ ಕಾಣದು. ಹಾಲೆಂಡಿನಲ್ಲಿ ಒಡೆಯರು ಗಾಳಿಯೇ ತಮ್ಮದೆಂದು ಹೇಳಿ ಗಿರಣಿಯವರಿಂದ ಗಾಳಿಹಣ ವಸೂಲು ಮಾಡಿದರು. ಹಣ ತೆತ್ತವನಿಗೂ ಒಂದು ಲಾಭವಿತ್ತು: ಅವನ ಗಿರಣಿಗೆ ಬರುವ ಗಾಳಿಯನ್ನು ತಡೆಯುವಂತೆ ನೆರೆಯವರು ಮನೆಯನ್ನಾಗಲಿ ಮರವನ್ನಾಗಲಿ ಎತ್ತರಕ್ಕೆ ಬೆಳೆಸುವಂತಿರಲಿಲ್ಲ. ಪ್ರಷ್ಯದ ಫ್ರೆಡರಿಕ್ ಮಹಾಶಯನು ಪಾಟ್ಸ್‌ಡಾಮಿನ ತನ್ನ ಅರಮನೆಯ ಬಳಿಯ ಗಾಳಿಗಿರಣಿಯ ಸದ್ದು ಸಹಿಸಲಾರದೆ ಅದನ್ನು ತೆಗೆಸಹೋದನೆಂದೂ, ಗಿರಣಿಯವನು ಬರ್ಲಿನ್ನಿನಲ್ಲಿ ನ್ಯಾಯಾಲಯವಿದೆ ಎಂದು ಎದುರುನಿಂತನೆಂದೂ ದಂತಕಥೆಯಿದೆ. ನಿಜಸಂಗತಿ ತಿರುವುಮುರುವು. ಅರಮನೆ ಎದ್ದು ತನ್ನ ಗಾಳಿಯನ್ನು ತಡೆಯಿತೆಂದು ದೂರಿಕೊಂಡವನು ಗಿರಣಿಯವನು! ಫ್ರಾನ್ಸಿನ ಕ್ರಾಂತಿಯಲ್ಲಿ, 1789ರಿಂದ 1793ರೊಳಗಾಗಿ, ಒಡೆಯನ ಗಿರಣಿಯಲ್ಲಿಯೇ ಬೀಸಿಸಬೇಕೆಂಬ ಕಟ್ಟು ಬಿದ್ದುಹೋಯಿತು. ಅಷ್ಟರಲ್ಲಿ ಉಗಿಯಂತ್ರ ಬಂದು ಗಾಳಿಗಾಗಿ ಜಗಳವಾಡುವವರೇ ಕಡಿಮೆಯಾದರು.

ಗಾಳಿಯಿಂದ ಹಿಟ್ಟಿನ ಬದಲು ವಿದ್ಯುತ್ತನ್ನು ಬೀಸಿ ತೆಗೆಯುವ ಕಾಲದಲ್ಲಿ ಹಳೆಯ ಪ್ರಶ್ನೆಗೆ ಹೊಸ ಉತ್ತರ ಹುಡುಕಿದವರು ಡೆನ್ಮಾರ್ಕಿನವರು. ಅಲ್ಲಿಯ ಪೌಲ್ ಲಾ ಕೂರ್ ಎಂಬ ಉಪಾಧ್ಯಾಯನು 1891ರಲ್ಲಿ ಆಸ್ಕೋವ್ ಎಂಬ ಹಳ್ಳಿಯ ಜನತಾ ವಿದ್ಯಾಲಯದಲ್ಲಿ ಸರಕಾರದ ಸಹಾಯದಿಂದ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ತೆಗೆದ. ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆದು, ಅದರಿಂದ ಶಾಲೆಗೆ ದೀಪ ಹಚ್ಚಿಸಿದ. ಅವನ ಹಂಬಲವಿದ್ದುದು ಹಳ್ಳಿಗೆ ಬೆಳಕು ಹಳ್ಳಿಯಲ್ಲಿಯೇ ಹುಟ್ಟಬೇಕೆಂಬುದು. ಅದಕ್ಕಾಗಿ ಹಳ್ಳಿಯ ಹುಡುಗರಿಗೆ ವಿದ್ಯುತ್ತಿನ ಕೆಲಸ ಕಲಿಸುವ ವ್ಯವಸ್ಥೆಯನ್ನೂ ಮಾಡಿದ. 1973ರ ಎಣ್ಣೆಯ ಬಿಕ್ಕಟ್ಟಿನ ತರುವಾಯ ಡೆನ್ಮಾರ್ಕಿನ ಜನ ಲಾ ಕೂರನ ದಾರಿಗೆ ಮರಳಿದರು. ಅಕ್ಕಪಕ್ಕದ ಮನೆಯವರು ಸೇರಿ ಸಂಘ ಕಟ್ಟಿ, ಷೇರು ಹಾಕಿ, ಊರಿಗೊಂದು ಯಂತ್ರ ಕೊಂಡರು. ಸುಮಾರು ನಾಲ್ಕು ಸಾವಿರ ಜನರಿರುವ ಸಾಮ್ಸೋ ಎಂಬ ದ್ವೀಪ 1997ರಲ್ಲಿ ಸರಕಾರದ ಸ್ಪರ್ಧೆಯೊಂದರಲ್ಲಿ ಗೆದ್ದು, ತನ್ನ ಶಕ್ತಿಯನ್ನು ತಾನೇ ಉತ್ಪಾದಿಸಿಕೊಳ್ಳಲು ಹೊರಟಿತು. ಎಲ್ಲಿ ನಿಲ್ಲಿಸಬೇಕು, ಯಾರ ಕಿಟಕಿಗೆ ಕಾಣಬೇಕು, ಯಾರಿಗೆ ಪಾಲು ಎಂದು ಸಭೆಯ ಮೇಲೆ ಸಭೆ ನಡೆದವು. ಕೊನೆಗೆ ನೆಲದ ಮೇಲೆ ಹನ್ನೊಂದು, 2003ರ ಹೊತ್ತಿಗೆ ಸಮುದ್ರದಲ್ಲಿ ಹತ್ತು ಯಂತ್ರಗಳು ನಿಂತವು. ನೆಲದ ಮೇಲಿನವು ಕೆಲವು ರೈತರದು, ಕೆಲವು ಸಂಘದವರದು. ಸಮುದ್ರದ ಹತ್ತರಲ್ಲಿ ಐದು ಪುರಸಭೆಯವು. ಸದ್ದು ಎಲ್ಲ ಯಂತ್ರದ್ದೂ ಸದ್ದೇ. ಆದರೆ ತಾನು ಪಾಲುಗಾರನಾದ ಯಂತ್ರದ ಸದ್ದಿಗೆ ನಿದ್ದೆ ಕೆಡುವುದು ಕಡಿಮೆ!

ಡೆನ್ಮಾರ್ಕನ್ನು ಹೊಗಳಿ ನಿಲ್ಲಿಸುವುದು ಸರಿಯಲ್ಲ. ಯಂತ್ರಗಳು ಎತ್ತರವಾಗಿ, ಬಂಡವಾಳ ದೊಡ್ಡದಾಗಿ, ಊರವರ ಸಂಘದ ಜಾಗಕ್ಕೆ ಹೊರಗಿನ ಕಂಪನಿ ಬಂದಂತೆ ಅಲ್ಲಿಯೂ ವಿರೋಧ ಹುಟ್ಟಿತು. ಒಸ್ಟೆರಿಲ್ಡ್ ಎಂಬಲ್ಲಿ ಪರೀಕ್ಷಾಕೇಂದ್ರಕ್ಕಾಗಿ ಕಾಡು ಕಡಿಯುವ ಕಾಯಿದೆ 2010ರಲ್ಲಿ ಆದಾಗ ಜನ ಕಾಡಿನಲ್ಲಿ ಬೀಡುಬಿಟ್ಟು ಪ್ರತಿಭಟಿಸಿದರು. ಯಂತ್ರದಿಂದ ನಾಲ್ಕೂವರೆ ಕಿಲೋಮೀಟರಿನೊಳಗಿನ ನಿವಾಸಿಗಳಿಗೆ ಕನಿಷ್ಠ ನೂರಕ್ಕೆ ಇಪ್ಪತ್ತು ಪಾಲು ಷೇರನ್ನು ಮಾರಾಟಕ್ಕೆ ಒಡ್ಡಬೇಕೆಂಬ ನಿಯಮವನ್ನು 2009ರಲ್ಲಿ ತಂದುದು ಈ ಅಸಮಾಧಾನವನ್ನು ತಣಿಸುವುದಕ್ಕೆ. ಷೇರು ಕೊಳ್ಳಲು ಕೈಯಲ್ಲಿ ಹಣವಿಲ್ಲದವನಿಗೆ ಇದರಿಂದ ಏನು ಬಂದಿತು? 2020ರಲ್ಲಿ ಆ ನಿಯಮ ಹೋಗಿ, ತೀರ ಹತ್ತಿರದ ಮನೆಗಳವರಿಗೆ ವರ್ಷ ವರ್ಷವೂ ಹಣ ಸಲ್ಲುವ ಏರ್ಪಾಡು ಬಂದಿತು.

ಬೆರಿಯ ದಿಬ್ಬದ ಜಗಳವನ್ನು ಅತ್ಯಂತ ತೀವ್ರವಾಗಿ ನೆನಪಿಗೆ ತರುವುದು ನಾರ್ವೆಯ ಫೋಸೆನ್. ಅಲ್ಲಿಯ ಬೆಟ್ಟಗಳು ಸಾಮಿ ಜನರ ಹಿಮಸಾರಂಗಗಳಿಗೆ ಚಳಿಗಾಲದ ಹುಲ್ಲುಗಾವಲು. ಆ ಬೆಟ್ಟಗಳ ಮೇಲೆ ಸ್ಟೋರ್‌ಹೆಯ, ರೋಆನ್ ಎಂಬ ಎರಡು ಕಡೆ ಒಟ್ಟು 151 ಗಾಳಿಯಂತ್ರಗಳು ಎದ್ದವು. ಸಾರಂಗಗಳು ಆ ಕಡೆ ಸುಳಿಯವು. ಹುಲ್ಲುಗಾವಲು ಇದ್ದೂ ಇಲ್ಲದಂತಾಯಿತೆಂದು ಸಾಮಿಗಳು ನ್ಯಾಯಾಲಯಕ್ಕೆ ಹೋದರು. 2021ರ ಅಕ್ಟೋಬರ್ 11ರಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯವು, ಅಲ್ಪಸಂಖ್ಯಾತ ಜನ ತಮ್ಮ ಸಂಸ್ಕೃತಿಯನ್ನು ನಡೆಸಿಕೊಂಡು ಬರುವ ಹಕ್ಕಿಗೆ ಇದರಿಂದ ಭಂಗ ಬಂದಿದೆ, ಆದುದರಿಂದ ಕೊಟ್ಟ ಪರವಾನಗಿ ಅಸಿಂಧು ಎಂದು ತೀರ್ಪು ಕೊಟ್ಟಿತು. ಪರವಾನಗಿ ಬಿದ್ದುಹೋಯಿತು, ಯಂತ್ರಗಳು ಬೀಳಲಿಲ್ಲ. ಬೆರಿಯಲ್ಲಿ ವಿಚಾರಣೆಯಿಲ್ಲದೆ ಒಂದೇ ದಿನದಲ್ಲಿ ಗಿರಣಿ ಇಳಿಯಿತು. ಇಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದು ಐನೂರು ದಿನ ಕಳೆದರೂ ರೆಕ್ಕೆಗಳು ತಿರುಗುತ್ತಲೇ ಇದ್ದುವು. 2023ರ ಫೆಬ್ರುವರಿಯಲ್ಲಿ ಸಾಮಿ ತರುಣ ತರುಣಿಯರು ತಮ್ಮ ಕುಲದ ಉಡುಪು ತೊಟ್ಟು ರಾಜಧಾನಿ ಓಸ್ಲೋದ ಸರಕಾರೀ ಕಚೇರಿಗಳ ಬಾಗಿಲಲ್ಲಿ ಕುಳಿತರು. ಹವಾಮಾನದ ರಕ್ಷಣೆಗಾಗಿ ಹೆಸರಾದ ಸ್ವೀಡನ್ನಿನ ಗ್ರೇಟಾ ಥುನ್‌ಬರ್ಗ್ ಅವರ ಪಕ್ಕದಲ್ಲಿ ಕುಳಿತಳು. ಗಾಳಿಯ ವಿದ್ಯುತ್ತನ್ನು ಬಯಸುವವಳು ಗಾಳಿಯಂತ್ರದ ವಿರುದ್ಧ ಕುಳಿತಳಲ್ಲ ಎಂದು ಕೆಲವರು ನಕ್ಕರು. ನನಗೆ ಅದರಲ್ಲಿ ವಿರೋಧ ಕಾಣಲಿಲ್ಲ. 2023ರ ಡಿಸೆಂಬರಿನಲ್ಲಿ ದಕ್ಷಿಣದ ಸಾಮಿಗಳೊಡನೆಯೂ, 2024ರ ಮಾರ್ಚಿನಲ್ಲಿ ಉತ್ತರದವರೊಡನೆಯೂ ರಾಜಿಯಾಯಿತು. ಯಂತ್ರಗಳು ಉಳಿದವು. ಈಗಿನ ಅವಧಿ ಮುಗಿದ ಮೇಲೆ ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಬೆಳೆಸಬಾರದೆಂಬ ಮಾತನ್ನು ದಕ್ಷಿಣದವರು ಪಡೆದುಕೊಂಡರು.

ಸೊರಟೂರಿನ ದಾರಿಗೆ ಮರಳುತ್ತೇನೆ. ಕಪ್ಪತಗುಡ್ಡವೂ ಜಗಳ ಕಂಡ ಗುಡ್ಡವೇ. ಅಲ್ಲಿ ಔಷಧಿಯ ಗಿಡಗಳಿವೆ, ಚಿನ್ನದ ಆಸೆಯಿಂದ ಬಂದವರಿದ್ದರು. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದರು, 2016ರಲ್ಲಿ ಹಿಂತೆಗೆದರು, ಜನ ಎದ್ದುದರಿಂದ 2017ರಲ್ಲಿ ಮತ್ತೆ ಸಾರಿದರು, 2019ರಲ್ಲಿ ವನ್ಯಜೀವಿಧಾಮ ಮಾಡಿದರು. ಆ ಹೋರಾಟದ ಮುಂದೆ ನಿಂತವರು ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು. ಬೆರಿಯ ಮಠಾಧಿಪತಿ ತನ್ನ ಗಿರಣಿಗಾಗಿ ದಿಬ್ಬದ ಮೇಲೆ ಹಕ್ಕು ಸಾಧಿಸಿದ. ಗದಗಿನ ಸ್ವಾಮಿಗಳು ಊರವರೊಡನೆ ನಿಂತು ಗುಡ್ಡವನ್ನು ಕೇಳಿದರು. ಗಣಿಯ ವಿಷಯದಲ್ಲಿ ಜನ ಹೀಗೆ ಒಂದಾದರು. ಗಾಳಿಯಂತ್ರದ ವಿಷಯದಲ್ಲಿ ಅಷ್ಟು ಒಂದಾಗುವುದು ಕಷ್ಟ. ಯಂತ್ರಕ್ಕೆ ಜಮೀನು ಕೊಟ್ಟವನ ಲೆಕ್ಕ ಬೇರೆ, ಅವನ ಬದುವಿನಾಚೆ ಕುರಿ ಮೇಯಿಸುವವನ ಲೆಕ್ಕ ಬೇರೆ. ಯಂತ್ರ ಹೊಗೆಯುಗುಳುವುದಿಲ್ಲವೆಂಬುದೂ ನಿಜ, ಅದನ್ನು ನೆತ್ತಿಗೇರಿಸಲು ಗುಡ್ಡವನ್ನು ಕಡಿದು ರಸ್ತೆ ಮಾಡಬೇಕೆಂಬುದೂ ನಿಜ.

ಸೊರಟೂರಿನಲ್ಲಿ ಇಳಿದು ನಾವು ಬಲ್ಲಾಳನ ಯುದ್ಧದ ಮಾತಾಡುತ್ತ ನಡೆದೆವು. ಪ್ರಶ್ನೆ ಕೇಳಿದ್ದ ಹುಡುಗಿ ಹಿಂದೆಯೇ ಉಳಿದಿದ್ದಳು. ಮನೆಯೊಂದರ ಮುಂದೆ, ಕಟ್ಟೆಯ ಮಗ್ಗುಲಲ್ಲಿ, ಗೂಟವಿಲ್ಲದ ಬೀಸುಕಲ್ಲೊಂದು ಬಿದ್ದಿತ್ತು. ಅದು ಈಗಲೂ ತಿರುಗುತ್ತದೆಯೆ ಎಂದು ಆ ಮನೆಯ ಅಜ್ಜಿಯನ್ನು ಕೇಳುತ್ತ ನಿಂತಿದ್ದಳು.